ಟ್ರೈಲರ್ ಮತ್ತು ಕ್ಯಾಂಪರ್ ಟೈರುಗಳ ವಾಲ್ವ್: ಪರೀಕ್ಷಿಸುವ ಮತ್ತು ಬದಲಾಯಿಸುವ ಬಗೆ

ಜೀಪಿನ ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ, ಚಾಲಕನಿಗೆ ಕೂಡಲೇ ತಿಳಿಯುತ್ತದೆ. ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರಿನ ವಿಷಯ ಹಾಗಲ್ಲ. ಅದರ ಚಕ್ರ ಅರ್ಧ ಗಾಳಿಯಲ್ಲಿ ಓಡುತ್ತಿದ್ದರೂ ಮುಂದೆ ಕುಳಿತವನ ಕೈಗೆ ಯಾವ ಸುಳಿವೂ ಸಿಗುವುದಿಲ್ಲ. ಹಿಂದಿನಿಂದ ಬರುವ ಬಸ್ಸಿನವರು ಹಾರ್ನ್ ಹೊಡೆದು ಕೈ ತೋರಿಸಿದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಟೈರಿನ ಪಕ್ಕೆ ಬಿಸಿಯಾಗಿ, ಹರಿದು, ಯಾವ ರಿಪೇರಿಗೂ ಬಾರದಂತಾಗಿರುತ್ತದೆ. ಟೈರು ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸುವ ನಾವು, ಅದರೊಳಗಿನ ಗಾಳಿಯನ್ನೆಲ್ಲ ಹಿಡಿದಿಡುವ ವಾಲ್ವನ್ನು ಬದಲಾಯಿಸಿದರೋ ಇಲ್ಲವೋ ಎಂದು ಕೇಳುವುದೇ ಇಲ್ಲ.

ಈ ಪಾಠ ನನಗೆ ಬಿಟ್ಟಿಯಾಗಿ ಸಿಗಲಿಲ್ಲ. ತೋಟದ ಜೀಪಿಗೆ ಕಟ್ಟುವ ಎರಡು ಚಕ್ರದ ಸಣ್ಣ ಟ್ರೈಲರಿಗೆ ಟ್ಯೂಬ್‌ಲೆಸ್ ಟೈರು ಹಾಕಿಸಿದ್ದೆ. ರೊಬಸ್ಟಾ ಕಾಫಿ ಕೊಯ್ಲಿನ ಸಮಯದಲ್ಲಿ ಎಡಗಡೆಯ ಟೈರು ವಾರಕ್ಕೆ ಏಳೆಂಟು ಪಿಎಸ್‌ಐ ಗಾಳಿ ಕಳೆದುಕೊಳ್ಳತೊಡಗಿತು. ಪಂಕ್ಚರ್ ಅಂಗಡಿಗೆ ಮೂರು ಸಲ ಕಳುಹಿಸಿದೆ. ಮೂರು ಸಲವೂ ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿ, ವಾಲ್ವಿನ ಬಾಯಿಗೆ ಬೆರಳಿನಿಂದ ಎಂಜಲು ಹಚ್ಚಿ ನೋಡಿ, ಏನೂ ಇಲ್ಲವೆಂದು ಗಾಳಿ ಹಿಡಿಸಿ ಕಳುಹಿಸಿದರು. "ಸಾರ್, ಪಂಕ್ಚರ್ ಇಲ್ಲವಂತೆ, ಗಾಳಿ ಮಾತ್ರ ಇಳಿಯುತ್ತದೆ" ಎಂದು ಚಾಲಕ ಹೇಳಿದ ಮಾತನ್ನು ನಾನೂ ಒಗಟಿನಂತೆ ಕೇಳಿ ಸುಮ್ಮನಾದೆ. ನಾಲ್ಕನೆಯ ವಾರ, ಸಿದ್ದಾಪುರದಿಂದ ಕುಶಾಲನಗರದ ಕಡೆಗೆ ಚೀಲ ತುಂಬಿಕೊಂಡು ಹೋಗುವಾಗ ಟೈರು ಚಿಂದಿಯಾಯಿತು. ಆಮೇಲೆ ರಿಮ್ಮನ್ನು ಕೈಗೆತ್ತಿಕೊಂಡು ವಾಲ್ವನ್ನು ಹೆಬ್ಬೆರಳಿನಿಂದ ಒಂದು ಬದಿಗೆ ಬಾಗಿಸಿದಾಗ, ಬುಡದ ರಬ್ಬರಿನಲ್ಲಿ ಬಳೆಯಂತೆ ಸುತ್ತುವರಿದ ಬಿರುಕು ಬಾಯಿ ತೆರೆಯಿತು. ಬೆರಳು ತೆಗೆದರೆ ಮುಚ್ಚಿಕೊಂಡಿತು. ಚಕ್ರ ತಿರುಗುವಾಗ ವಾಲ್ವ್ ಹೊರಮುಖವಾಗಿ ಬಾಗುತ್ತದೆ, ಬಿರುಕು ತೆರೆದು ಗಾಳಿ ಸೋರುತ್ತದೆ. ತೊಟ್ಟಿಯ ನೀರಿನಲ್ಲಿ ಅಲುಗದೆ ಮಲಗಿರುವಾಗ ಒಂದು ಗುಳ್ಳೆಯೂ ಏಳುವುದಿಲ್ಲ. ಒಂದು ಊಟದ ಬೆಲೆಗಿಂತ ಕಡಿಮೆ ಬೀಳುವ ವಾಲ್ವಿಗಾಗಿ ಒಂದು ಹೊಸ ಟೈರು ಹೋಯಿತು.

ನಾವು ಒಟ್ಟಾಗಿ ವಾಲ್ವ್ ಎಂದು ಕರೆಯುವುದರಲ್ಲಿ ಮೂರು ಭಾಗಗಳಿವೆ, ಮೂರರ ದೋಷವೂ ಬೇರೆ ಬೇರೆ. ರಿಮ್ಮಿನಿಂದ ಹೊರಗೆ ಚಾಚಿಕೊಂಡಿರುವ ಕೊಳವೆ ಮೊದಲನೆಯದು. ಹಿತ್ತಾಳೆಯ ನಳಿಗೆಗೆ ರಬ್ಬರ್ ಹೊದಿಸಿ ಇದನ್ನು ಮಾಡಿರುತ್ತಾರೆ. ಎರಡನೆಯದು ಅದರೊಳಗೆ ಮರೆಯಿಂದ, ಅಂದರೆ ತಿರುಪಿನ ಗೆರೆಗಳಿಂದ, ಕೂರುವ ಪಿನ್ನು: ಸಣ್ಣ ಸ್ಪ್ರಿಂಗು ಮತ್ತು ರಬ್ಬರಿನ ಬಿರಡೆ ಇರುವ, ಒತ್ತಿದರೆ ಗಾಳಿ ಬಿಡುವ, ಬಿಟ್ಟರೆ ಮುಚ್ಚಿಕೊಳ್ಳುವ ಭಾಗ. ಮೂರನೆಯದು ಮುಚ್ಚಳ. ಈ ಮಾದರಿಗೆ ಶ್ರೇಡರ್ ವಾಲ್ವ್ ಎಂದು ಹೆಸರು. 1893ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅಂದಿನಿಂದ ಒಳಗಿನ ಮರೆಯ ಅಳತೆ ಹೆಚ್ಚು ಬದಲಾಗದೆ ಉಳಿದಿರುವುದರಿಂದ, ಸ್ಕೂಟರಿನ ಪಿನ್ನು ಜೀಪಿಗೂ ಜೀಪಿನದು ಟ್ರೈಲರಿಗೂ ಸಾಮಾನ್ಯವಾಗಿ ಹೊಂದುತ್ತದೆ. ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ನಾಲ್ಕು ಪಿನ್ನು, ನಾಲ್ಕು ಮುಚ್ಚಳ ಮತ್ತು ಪಿನ್ನು ಬಿಚ್ಚುವ ಸಣ್ಣ ಕೀಲಿಯನ್ನು ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಮುಚ್ಚಳವನ್ನು ಅಲಂಕಾರವೆಂದು ಭಾವಿಸುವವರು ಮಳೆಗಾಲದ ತೋಟದ ದಾರಿಯಲ್ಲಿ ಒಂದು ದಿನ ಓಡಾಡಿ ಬರಬೇಕು. ಮುಚ್ಚಳವಿಲ್ಲದ ವಾಲ್ವಿನ ಬಾಯಿಗೆ ಕೆಂಪು ಮಣ್ಣು ಮೆತ್ತಿಕೊಂಡು ಒಣಗುತ್ತದೆ. ಮುಂದಿನ ಸಲ ಗಾಳಿ ಹಿಡಿಸುವಾಗ ಆ ಮಣ್ಣೇ ಗಾಳಿಯೊಡನೆ ಒಳಗೆ ಹೋಗಿ ಪಿನ್ನಿನ ಬಿರಡೆಗೂ ಅದರ ಪೀಠಕ್ಕೂ ನಡುವೆ ಕೂರುತ್ತದೆ. ಒಂದು ಮರಳಿನ ಕಣ ಸಾಕು. ರಬ್ಬರಿನ ವಾಷರ್ ಇರುವ ಮುಚ್ಚಳವಾದರೆ, ಪಿನ್ನು ಸ್ವಲ್ಪ ಸೋರಿದರೂ ಗಾಳಿಯನ್ನು ತಡೆದು ನಿಲ್ಲಿಸುತ್ತದೆ.

ಮಣ್ಣಿನ ಜೊತೆಗೆ ನಮ್ಮ ಕಡೆಯ ವಾಲ್ವುಗಳಿಗೆ ಬೇರೆ ಶತ್ರುಗಳೂ ಇವೆ. ಬಿಸಿಲು ಮತ್ತು ಗಾಳಿಯಲ್ಲಿನ ಓಜೋನ್ ರಬ್ಬರನ್ನು ಒಡೆಯಿಸುವುದು ಎಲ್ಲ ಕಡೆಯೂ ನಡೆಯುವ ಮಾತು. ರಬ್ಬರಿನ ಮಿಶ್ರಣ ಕೆಟ್ಟದಾಗಿದ್ದರೆ ಅದು ಎಷ್ಟು ಬೇಗ ನಡೆಯುತ್ತದೆ ಎಂಬುದು 2008ರಲ್ಲಿ ಅಮೆರಿಕದಲ್ಲಿ ಹೀಗೆ ಬಿರುಕು ಬಿಡುತ್ತಿದ್ದ ರಬ್ಬರ್ ವಾಲ್ವುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಂಪಡೆಯಬೇಕಾಗಿ ಬಂದಾಗ ಲೋಕಕ್ಕೆ ತಿಳಿಯಿತು. ತೋಟದ ಟ್ರೈಲರಿನಲ್ಲಿ ಇನ್ನೊಂದು ತೊಂದರೆಯಿದೆ: ಕೋಳಿ ಗೊಬ್ಬರ ಮತ್ತು ಯೂರಿಯಾ. ಇವು ತೇವದಲ್ಲಿ ಕೊಳೆತಾಗ ಹೊರಡುವ ಅಮೋನಿಯಾ, ಒತ್ತಡದಲ್ಲಿರುವ ಹಿತ್ತಾಳೆಯಲ್ಲಿ ಬಿರುಕು ಮೂಡಿಸಬಲ್ಲದು. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ಸಾಗಿಸುವಾಗ ಚೆಲ್ಲುವ ಮೈಲುತುತ್ತದ ನೀರು ರಿಮ್ಮಿನ ಕಬ್ಬಿಣವನ್ನು ತಿನ್ನುತ್ತದೆ, ಮುಖ್ಯವಾಗಿ ವಾಲ್ವಿನ ತೂತಿನ ಅಂಚನ್ನು. ಆದ್ದರಿಂದ ಗೊಬ್ಬರ ಇಳಿಸಿದ ದಿನ ಟ್ರೈಲರಿನ ತೊಟ್ಟಿಯನ್ನು ತೊಳೆಯುವಾಗ ಚಕ್ರಗಳ ಮೇಲೂ ನಾಲ್ಕು ಕೊಡ ನೀರು ಸುರಿಯಬೇಕು. ಇನ್ನು ಸಂಪಾಜೆ ಘಟ್ಟವನ್ನಾಗಲಿ ಮಾಕುಟ್ಟದ ಇಳಿಜಾರನ್ನಾಗಲಿ ಹೊರೆಯೊಡನೆ ಇಳಿಯುವ ಕ್ಯಾಂಪರಿನ (ಹಿಂದೆ ಸಾಮಾನಿನ ತೊಟ್ಟಿಯಿರುವ ಗಾಡಿಯ) ಬ್ರೇಕಿನ ಶಾಖ ರಿಮ್ಮಿಗೆ ಏರಿ, ವರ್ಷಗಳು ಕಳೆದಂತೆ ಪಿನ್ನಿನ ಬಿರಡೆಯನ್ನೂ ವಾಲ್ವಿನ ಬುಡವನ್ನೂ ಗಟ್ಟಿಗೊಳಿಸುತ್ತದೆ.

ಪರೀಕ್ಷೆಗೆ ನಾನು ಹಿಡಿದಿರುವ ಕಾಲ ಎರಡು. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಟ್ರೈಲರನ್ನು ಸೆಪ್ಟೆಂಬರಿನಲ್ಲಿ ಕೊಡಗಿನ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಹೊರಗೆಳೆದು ನೋಡುವುದು ಒಂದು. ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ಆರಂಭವಾಗುವ ಹೊತ್ತಿಗೆ ಮತ್ತೊಮ್ಮೆ ನೋಡುವುದು ಇನ್ನೊಂದು. ಆಯುಧಪೂಜೆಯ ದಿನ ರಿಮ್ಮಿಗೆಲ್ಲ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ನಾವು, ಆ ಬಗ್ಗಿದ ಭಂಗಿಯಲ್ಲೇ ವಾಲ್ವಿನ ಬುಡವನ್ನೂ ಒಮ್ಮೆ ನೋಡಿಬಿಡಬಹುದು. ವಾರಾಂತ್ಯದಲ್ಲಿ ಮಲಗುವ ವ್ಯವಸ್ಥೆಯ ಕ್ಯಾಂಪರ್ ವ್ಯಾನ್ ತಂದು ತೋಟದ ಅಂಚಿನಲ್ಲಿ ನಿಲ್ಲಿಸುವವರಿಗೂ ಇದೇ ಅನ್ವಯಿಸುತ್ತದೆ, ಏಕೆಂದರೆ ಅಂಥ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟೈರಿನ ಗೆರೆ ಸವೆಯದೆ ಹೊಸದರಂತೆ ಕಾಣುತ್ತಿದ್ದರೂ ವಾಲ್ವಿನ ರಬ್ಬರಿಗೆ ವಯಸ್ಸಾಗಿರುತ್ತದೆ.

ಮೊದಲು ಗಾಳಿಯ ಅಳತೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಬಿಸಿಲು ಬೀಳುವ ಮುನ್ನ ಅಳೆದು ಬರೆದಿಡಬೇಕು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಡುವುದು ಒಳ್ಳೆಯದು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ, 35 ಪಿಎಸ್‌ಐ ಇರುವ ಟೈರು ಒಂದೂವರೆ ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಇಳಿಕೆ ತೋರಿಸುತ್ತದೆ. ಎತ್ತರ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ: ಸಮುದ್ರಮಟ್ಟದ ಮಂಗಳೂರಿನಲ್ಲಿ ಗಾಳಿ ಹಿಡಿಸಿದ ಟೈರು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದೇ ಉಷ್ಣತೆಯಿದ್ದರೆ ಹೆಚ್ಚುಕಡಿಮೆ 2 ಪಿಎಸ್‌ಐ ಹೆಚ್ಚು ತೋರಿಸಬೇಕು, ಏಕೆಂದರೆ ಹೊರಗಿನ ವಾಯುಭಾರ ಅಷ್ಟು ಕಡಿಮೆಯಾಗಿರುತ್ತದೆ. ಘಟ್ಟ ಹತ್ತುವಾಗ ಚಳಿಯೂ ಏರುವುದರಿಂದ ಎರಡೂ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ಒಂದೆರಡು ಪಿಎಸ್‌ಐ ವ್ಯತ್ಯಾಸಕ್ಕೆ ವಾಲ್ವನ್ನು ದೂರಬಾರದು. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಗೇಜಿನಿಂದ ಅಳೆದಾಗ ಜೋಡಿ ಟೈರು ಹಾಗೆಯೇ ಇದ್ದು ಒಂದು ಮಾತ್ರ ವಾರಕ್ಕೆ ಮೂರು ನಾಲ್ಕು ಪಿಎಸ್‌ಐ ಇಳಿಯುತ್ತಿದ್ದರೆ ಹುಡುಕಲು ಶುರು ಮಾಡಬೇಕು.

ಹುಡುಕುವುದಕ್ಕೆ ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿದ ದ್ರಾವಣ ಮತ್ತು ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ಸೋಪಿನ ನೀರು ತುಂಬಿಸಿ ಒಂದು ನಿಮಿಷ ಕಾಯಬೇಕು. ಗುಳ್ಳೆ ನಿಧಾನವಾಗಿ ಉಬ್ಬಿದರೆ ದೋಷ ಪಿನ್ನಿನದು. ಎಂಜಲು ಹಚ್ಚಿ ನೋಡುವ ಪದ್ಧತಿ ಕಂಡುಹಿಡಿಯುವುದು ಇದೊಂದನ್ನೇ. ಬುಡದ ಸೋರಿಕೆ ಅದಕ್ಕೆ ಸಿಗುವುದಿಲ್ಲ. ಅನಂತರ ವಾಲ್ವು ರಿಮ್ಮಿಗೆ ಸೇರುವ ಕಡೆ ಸುತ್ತಲೂ ಸೋಪಿನ ನೀರು ಹಚ್ಚಿ, ಕೊಳವೆಯನ್ನು ಬೆರಳಿನಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಿಧಾನವಾಗಿ ಬಾಗಿಸಿ ಪ್ರತಿ ದಿಕ್ಕಿನಲ್ಲೂ ಐದಾರು ಸೆಕೆಂಡು ಹಿಡಿದು ನೋಡಬೇಕು. ನನ್ನ ಟೈರನ್ನು ಉಳಿಸಬಹುದಾಗಿದ್ದ ಪರೀಕ್ಷೆ ಇದೇ. ಹಾಗೆ ಬಾಗಿಸಿದಾಗ ರಬ್ಬರಿನ ಮೇಲೆ ಕೂದಲೆಳೆಯಂಥ ಗೆರೆಗಳು ಕಂಡರೆ, ಗುಳ್ಳೆ ಬರಲಿ ಬಾರದಿರಲಿ, ಆ ವಾಲ್ವಿನ ಆಯುಸ್ಸು ಮುಗಿದಿದೆಯೆಂದೇ ತಿಳಿಯಬೇಕು. ಒಂದು ಎಚ್ಚರಿಕೆಯೆಂದರೆ, ಒಣಗಿ ಗಟ್ಟಿಯಾದ ವಾಲ್ವು ಬಾಗಿಸುವಾಗಲೇ ತುಂಡಾಗಿ ಕೈಗೆ ಬರಬಹುದು. ಮುಖವನ್ನು ಅದರ ನೇರಕ್ಕೆ ಇಡಬಾರದು, ಮತ್ತು ಈ ಪರೀಕ್ಷೆಯನ್ನು ದಾರಿಯ ನಡುವೆ ಮಾಡದೆ ಮನೆಯ ಅಂಗಳದಲ್ಲಿ ಮಾಡಬೇಕು.

ದೋಷ ಪಿನ್ನಿನದಾದರೆ ಕೆಲಸ ಐದು ನಿಮಿಷದ್ದು. ಹೊರೆ ಇಳಿಸಿ, ಆ ಚಕ್ರದ ಕಡೆ ಜಾಕಿ ಕೊಟ್ಟು, ಕೀಲಿಯಿಂದ ಪಿನ್ನನ್ನು ಎಡಕ್ಕೆ ತಿರುಗಿಸಿ ತೆಗೆಯಬೇಕು. ಕೊನೆಯ ಸುತ್ತಿನಲ್ಲಿ ಅದು ಗಾಳಿಯ ರಭಸಕ್ಕೆ ಗುಂಡಿನಂತೆ ಹಾರುವುದರಿಂದ ಬೆರಳು ಅಡ್ಡವಿರಲಿ, ಕಣ್ಣು ದೂರವಿರಲಿ. ಗಾಳಿಯೇ ಹೊರಬರುತ್ತಾ ಒಳಗಿನ ಧೂಳನ್ನು ತಳ್ಳುತ್ತದೆ. ಅನಂತರ ಹೊಸ ಪಿನ್ನನ್ನು ಬೆರಳಿನ ಬಲದಿಂದಲೇ ಕೂರಿಸಿ, ನಿಂತ ಮೇಲೆ ಕಾಲು ಸುತ್ತು ಮಾತ್ರ ಬಿಗಿಯಬೇಕು. ಹೆಚ್ಚು ಬಿಗಿದರೆ ಬಿರಡೆ ಜಜ್ಜಿ, ಹಳೆಯದಕ್ಕಿಂತ ಬೇಗ ಸೋರುತ್ತದೆ. ಪಿನ್ನಿನ ತುದಿ ವಾಲ್ವಿನ ಬಾಯಿಯ ಮಟ್ಟಕ್ಕೆ ಸರಿಯಾಗಿರಬೇಕು. ತೀರ ಒಳಗೆ ಹೋಗಿದ್ದರೆ ಗೇಜು ಅದನ್ನು ಒತ್ತಲಾರದು.

ಬುಡ ಸೋರುತ್ತಿದ್ದರೆ ವಾಲ್ವನ್ನೇ ಬದಲಾಯಿಸಬೇಕು, ಅಂಟು ಹಚ್ಚಿ ಕಾಲ ತಳ್ಳುವ ಮಾತು ಬೇಡ. ಇಲ್ಲಿ ಸರಿಯಾದ ವಾಲ್ವನ್ನು ಆರಿಸುವುದೇ ಅರ್ಧ ಕೆಲಸ. ಕಾರು ಜೀಪುಗಳ ಟ್ಯೂಬ್‌ಲೆಸ್ ರಿಮ್ಮಿನ ತೂತು ಸಾಮಾನ್ಯವಾಗಿ 11.5 ಮಿಲಿಮೀಟರಿನದು, ದೊಡ್ಡ ತೂತಿನ ರಿಮ್ಮುಗಳೂ ಇವೆ, ಅವು ಸುಮಾರು 16 ಮಿಲಿಮೀಟರಿನವು. ಸಣ್ಣ ತೂತಿಗೆ ಅಂಗಡಿಯವರು ಕೊಡುವ ರಬ್ಬರ್ ವಾಲ್ವಿನ ಬುಡದಲ್ಲಿ ಟಿಆರ್ 413 ಅಥವಾ ಟಿಆರ್ 414 ಎಂದು ಅಚ್ಚಾಗಿರುತ್ತದೆ. ಎರಡನೆಯದು ಸುಮಾರು 6 ಮಿಲಿಮೀಟರ್ ಉದ್ದ, ಅಷ್ಟೇ ವ್ಯತ್ಯಾಸ. ಕೆಸರಿನಲ್ಲಿ, ಕಾಫಿ ಗಿಡದ ರೆಂಬೆ ತಗಲುವ ದಾರಿಯಲ್ಲಿ ಓಡುವ ಗಾಡಿಗೆ ನಾನು ಗಿಡ್ಡದನ್ನೇ ಹಾಕಿಸುತ್ತೇನೆ. ಉದ್ದ ಹೆಚ್ಚಿದಷ್ಟೂ ಸಿಕ್ಕಿಕೊಳ್ಳುವುದೂ ಬಾಗುವುದೂ ಹೆಚ್ಚು. ಆದರೆ ಮುಖ್ಯ ವಿಷಯ ಉದ್ದದ್ದಲ್ಲ, ಒತ್ತಡದ್ದು. ಈ ಸಾಧಾರಣ ರಬ್ಬರ್ ವಾಲ್ವುಗಳು ತಣ್ಣಗಿರುವಾಗ 65 ಪಿಎಸ್‌ಐ ವರೆಗಿನ ಒತ್ತಡಕ್ಕೆ ಮಾತ್ರ ಮಾಡಿದವು. ಹೊರೆ ಹೊರುವ ಪಿಕಪ್ಪಿನ ಅಥವಾ ಕ್ಯಾಂಪರಿನ ಹಿಂದಿನ ಟೈರಿಗೆ ಬಾಗಿಲಿನ ಪಕ್ಕದ ಫಲಕದಲ್ಲಿ ಆ ಮಟ್ಟದ ಅಥವಾ ಅದಕ್ಕೂ ಹೆಚ್ಚಿನ ಅಂಕಿಯಿದ್ದರೆ, 100 ಪಿಎಸ್‌ಐ ತಡೆಯುವ ಹೆಚ್ಚು ಒತ್ತಡದ ರಬ್ಬರ್ ವಾಲ್ವನ್ನಾಗಲಿ, ನಟ್ಟಿನಿಂದ ಬಿಗಿಯುವ ಲೋಹದ ವಾಲ್ವನ್ನಾಗಲಿ ಕೇಳಿ ಹಾಕಿಸಬೇಕು. ಪಂಕ್ಚರ್ ಅಂಗಡಿಯ ಡಬ್ಬದಲ್ಲಿ ಎಲ್ಲವೂ ಒಟ್ಟಿಗೆ ಬಿದ್ದಿರುತ್ತವೆ. ಕೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ.

ಕೆಲಸಕ್ಕೆ ಸಮತಟ್ಟಾದ, ಗಟ್ಟಿ ನೆಲ ಬೇಕು. ಕಾಫಿ ಒಣಗಿಸುವ ಕಣ ಇದಕ್ಕೆ ಬಹಳ ಅನುಕೂಲ. ಎರಡು ಚಕ್ರದ ಟ್ರೈಲರನ್ನು ಜೀಪಿನಿಂದಾಗಲಿ ಟ್ರ್ಯಾಕ್ಟರಿನಿಂದಾಗಲಿ ಬಿಚ್ಚದೆ, ಮುಂದಿನ ಗಾಡಿಗೆ ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಆಕ್ಸಲಿನ ಕೆಳಗೆ ಜಾಕಿ ಕೊಟ್ಟು ಎತ್ತಿ, ಜಾಕಿಯ ಪಕ್ಕದಲ್ಲಿ ಮರದ ದಿಮ್ಮಿಯ ಆಸರೆ ಇಟ್ಟ ಮೇಲೆಯೇ ಚಕ್ರ ತೆಗೆಯಬೇಕು. ಪಿನ್ನು ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಬೇಕು, ಪಿನ್ನು ಹೊರಗೇ ಇರಲಿ.

ಚಕ್ರವನ್ನು ವಾಲ್ವಿನ ಕಡೆ ಮೇಲಾಗಿ ಮಲಗಿಸಿ, ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಟೈರನ್ನು ಪೂರ್ತಿ ತೆಗೆಯುವ ಅಗತ್ಯವಿಲ್ಲ. ವಾಲ್ವಿನ ಪಕ್ಕದಲ್ಲಿ ಒಂದು ಗೇಣು ಜಾಗ ಕೆಳಗಿಳಿದರೆ ಕೈ ಒಳಗೆ ಹೋಗುತ್ತದೆ. ಅಂಗಡಿಯ ಯಂತ್ರದಲ್ಲಿ ಇದು ಎರಡು ನಿಮಿಷದ ಕೆಲಸ, ತೋಟದಲ್ಲಿ ಬೆವರಿನ ಕೆಲಸ. ಕೆಲವರು ಟೈರಿನ ಪಕ್ಕೆಯ ಮೇಲೆ ಇನ್ನೊಂದು ಗಾಡಿ ಹತ್ತಿಸಿ ಬಿಡಿಸುತ್ತಾರೆ. ಒಳಗಿನ ದಾರಗಳು ಮುರಿದರೆ ಹೊರಗೆ ಕಾಣುವುದಿಲ್ಲವಾದ್ದರಿಂದ ನಾನು ಅದಕ್ಕೆ ಒಪ್ಪುವುದಿಲ್ಲ. ಅಂಚು ಇಳಿದ ಮೇಲೆ ಅದು ಮತ್ತೆ ಮೇಲೇಳದಂತೆ ಮರದ ತುಂಡು ಸಿಕ್ಕಿಸಿ, ಹಳೆಯ ವಾಲ್ವಿನ ಒಳಗಿನ ಗುಂಡನೆಯ ಬುಡವನ್ನು ಚಾಕುವಿನಿಂದ ಕತ್ತರಿಸಿ ಉಳಿದುದನ್ನು ಹೊರಕ್ಕೆ ಎಳೆಯಬೇಕು. ಕತ್ತರಿಸಿದ ತುಂಡು ಟೈರಿನೊಳಗೆ ಬೀಳಬಾರದು, ಬಿದ್ದರೆ ಹುಡುಕಿ ತೆಗೆಯಲೇಬೇಕು.

ಈಗ ಕಾಣುವ ಬರಿಯ ತೂತನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದರ ಅಂಚಿನಲ್ಲಿ ತುಕ್ಕು ಹುಡಿಯಾಗಿ ನಿಂತಿದ್ದರೆ ಎಂಥ ಹೊಸ ವಾಲ್ವೂ ಸೋರುತ್ತದೆ. ಎಮರಿ ಕಾಗದವನ್ನು ಸುರುಳಿ ಮಾಡಿ ಒಳಗೂ ಹೊರಗೂ ಉಜ್ಜಿ, ಬೆರಳಾಡಿಸಿದರೆ ಚುಚ್ಚದಷ್ಟು ನಯಗೊಳಿಸಿ, ಬಟ್ಟೆಯಿಂದ ಒರೆಸಬೇಕು. ತುಕ್ಕು ತೂತನ್ನೇ ತಿಂದು ಅಗಲ ಮಾಡಿದ್ದರೆ ಆ ರಿಮ್ಮಿಗೆ ವಿದಾಯ ಹೇಳಬೇಕು.

ಹೊಸ ವಾಲ್ವಿಗೆ ಸೋಪಿನ ನೀರು ಹಚ್ಚಿ ಒಳಗಿನಿಂದ ತೂತಿಗೆ ತೂರಿಸಬೇಕು. ಗ್ರೀಸು, ಡೀಸೆಲ್, ಎಂಜಿನ್ ಆಯಿಲ್ ಯಾವುದನ್ನೂ ಹಚ್ಚಬಾರದು, ಅವು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ಹೊರಗಿನಿಂದ ವಾಲ್ವಿನ ಮರೆಗೆ ತಿರುಪಿ ಹಿಡಿಯುವ ಎಳೆಗೋಲನ್ನು ಕಟ್ಟಿ, ನೇರವಾಗಿ, ಒಂದೇ ಬಲದಲ್ಲಿ ಎಳೆದರೆ ವಾಲ್ವಿನ ಕುತ್ತಿಗೆ 'ಟಪ್' ಎಂದು ತೂತಿನಲ್ಲಿ ಕೂರುತ್ತದೆ. ಇಕ್ಕಳದಿಂದ ಮರೆಯನ್ನು ಹಿಡಿದು ಎಳೆದರೆ ಮರೆ ಕೆಡುತ್ತದೆ, ಓರೆಯಾಗಿ ಎಳೆದರೆ ಬುಡದ ರಬ್ಬರ್ ಹರಿಯುತ್ತದೆ. ಕೂತ ಮೇಲೆ ಒಳಗೆ ಕೈ ಹಾಕಿ, ಬುಡ ಸುತ್ತಲೂ ಸಮನಾಗಿ ರಿಮ್ಮಿಗೆ ಒತ್ತಿದೆಯೇ ಎಂದು ಬೆರಳಿನಿಂದ ತಡವಿ ನೋಡಬೇಕು.

ಟೈರಿನ ಅಂಚನ್ನು ಮತ್ತೆ ಕೂರಿಸುವಾಗ ಪಿನ್ನಿಲ್ಲದೆಯೇ ಗಾಳಿ ಬಿಟ್ಟರೆ ಹೆಚ್ಚು ರಭಸದಿಂದ ಹೋಗಿ ಅಂಚು ಬೇಗ ಕೂರುತ್ತದೆ. ಅಂಚು ಕೂರಲೆಂದು 40 ಪಿಎಸ್‌ಐಗಿಂತ ಮೇಲೆ ಹೋಗಬಾರದು. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು, ಸೋಪು ಹಚ್ಚಿ, ಮತ್ತೆ ಪ್ರಯತ್ನಿಸಬೇಕು. ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಟ್ಟು ಕೂರಿಸುವ ಮೊಬೈಲ್ ವಿಡಿಯೋಗಳನ್ನು ನೋಡಿ ಯಾರೂ ಕೈಹಾಕಬಾರದು. ಕೂತ ಮೇಲೆ ಪಿನ್ನು ಹಾಕಿ, ಫಲಕದಲ್ಲಿರುವಷ್ಟು ಗಾಳಿ ತುಂಬಿಸಿ, ಸೋಪಿನ ಪರೀಕ್ಷೆಯನ್ನು ಬಾಗಿಸುವುದೂ ಸೇರಿದಂತೆ ಮತ್ತೆ ಮಾಡಿ, ಮುಚ್ಚಳ ಹಾಕಬೇಕು. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಲೋಹದ ವಾಲ್ವು ಹಾಕಿಸಿದ್ದರೆ, ಅದರ ನಟ್ಟಿನ ಕೆಳಗಿನ ರಬ್ಬರ್ ಮೊದಲ ಕೆಲವು ದಿನಗಳಲ್ಲಿ ಅಮುಕಿಕೊಳ್ಳುವುದರಿಂದ ಅದನ್ನೂ ಆಗ ಪರೀಕ್ಷಿಸಬೇಕು.

ಟ್ರ್ಯಾಕ್ಟರಿನ ದೊಡ್ಡ ಟ್ರೈಲರುಗಳಲ್ಲಿ ಇನ್ನೂ ಹೆಚ್ಚಾಗಿ ಟ್ಯೂಬಿನ ಟೈರುಗಳೇ ಇವೆ. ಅಲ್ಲಿ ವಾಲ್ವು ಟ್ಯೂಬಿಗೇ ಬೆಸೆದುಕೊಂಡಿರುವುದರಿಂದ ಬುಡ ಹರಿದರೆ ಟ್ಯೂಬನ್ನೇ ಬದಲಾಯಿಸುವುದು ಸರಿಯಾದ ದಾರಿ. ಹರಿಯುವ ಮೊದಲು ಅದು ಒಂದು ಸೂಚನೆ ಕೊಡುತ್ತದೆ: ತೂತಿನಿಂದ ನೇರವಾಗಿ ಹೊರಬರಬೇಕಾದ ಕೊಳವೆ ಒಂದು ಬದಿಗೆ ವಾಲಿ ನಿಂತಿರುತ್ತದೆ. ಗಾಳಿ ಕಡಿಮೆಯಿದ್ದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜಾರಿ ಟ್ಯೂಬನ್ನೂ ಎಳೆದುಕೊಂಡು ಹೋಗಿದೆ ಎಂದು ಅದರ ಅರ್ಥ. ವಾಲಿದ ವಾಲ್ವು ಕಂಡ ದಿನವೇ ಗಾಳಿ ಪೂರ್ತಿ ಬಿಟ್ಟು, ಅಂಚು ಬಿಡಿಸಿ, ಟ್ಯೂಬನ್ನು ನೇರ ಮಾಡಿಸಿದರೆ ಅದು ಉಳಿಯುತ್ತದೆ. ಹೊಸ ಟ್ಯೂಬಿಗೆ ಟಾಲ್ಕ್ ಪುಡಿ ಸವರಿ ಹಾಕಿ, ಒಮ್ಮೆ ಗಾಳಿ ತುಂಬಿಸಿ, ಪೂರ್ತಿ ಬಿಟ್ಟು, ಮತ್ತೆ ತುಂಬಿಸಬೇಕು. ಒಳಗಿನ ಮಡಿಕೆಗಳು ಹಾಗೆಯೇ ಬಿಚ್ಚಿಕೊಳ್ಳುತ್ತವೆ.

ಲಾಕ್ ರಿಂಗ್ (ಟೈರಿನ ಅಂಚನ್ನು ಹಿಡಿದಿಡುವ, ಬಿಚ್ಚಬಹುದಾದ ಕಬ್ಬಿಣದ ಬಳೆ) ಇರುವ ರಿಮ್ಮಾದರೆ ಈ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಲೇಬಾರದು. ಗಾಳಿ ತುಂಬಿಸುವಾಗ ಸರಿಯಾಗಿ ಕೂರದ ರಿಂಗು ಚಿಮ್ಮಿ ಬಂದರೆ ಎದುರಿಗೆ ಇರುವವನ ಪ್ರಾಣವೇ ಹೋಗುತ್ತದೆ. ಅದನ್ನು ಕಬ್ಬಿಣದ ಪಂಜರ ಅಥವಾ ದಪ್ಪ ಸರಪಳಿಯ ಕಾವಲಿರುವ ಅಂಗಡಿಯಲ್ಲಿಯೇ ಮಾಡಿಸಬೇಕು, ಚಕ್ರವನ್ನು ಗಾಡಿಯಿಂದ ಬಿಚ್ಚುವ ಮೊದಲೇ ಪಿನ್ನು ತೆಗೆದು ಗಾಳಿ ಖಾಲಿ ಮಾಡಿರಬೇಕು, ಮತ್ತು ತುಂಬಿಸುವಾಗ ಉದ್ದದ ಪೈಪು ಹಿಡಿದು ಪಕ್ಕದಲ್ಲಿ ನಿಲ್ಲಬೇಕು.

ಗದ್ದೆ ಉಳುವುದಕ್ಕೆ ಹಿಡಿತ ಸಿಗಲೆಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ಅದರ ವಾಲ್ವೇ ಬೇರೆ ಜಾತಿಯದು. ಅದನ್ನು ಮುಟ್ಟುವ ಮೊದಲು ಟ್ರ್ಯಾಕ್ಟರನ್ನು ಸ್ವಲ್ಪ ಮುಂದೆ ಸರಿಸಿ ವಾಲ್ವನ್ನು ಚಕ್ರದ ಮೇಲ್ಭಾಗಕ್ಕೆ ತಂದುಕೊಳ್ಳಬೇಕು. ಕೆಳಗಿದ್ದಾಗ ಬಿಚ್ಚಿದರೆ ನೀರು ಮುಖಕ್ಕೂ ಗೇಜಿಗೂ ಚಿಮ್ಮುತ್ತದೆ.

ಹೊಸ ಟೈರು ಹಾಕಿಸುವಾಗಲೆಲ್ಲ ಹೊಸ ವಾಲ್ವು ಹಾಕಿಸುವುದನ್ನು ನಾನು ಈಗ ನಿಯಮ ಮಾಡಿಕೊಂಡಿದ್ದೇನೆ, ಮತ್ತು ಹಳೆಯದನ್ನು ನನ್ನ ಕೈಗೆ ಕೊಡಬೇಕೆಂದು ಅಂಗಡಿಯಲ್ಲೇ ಹೇಳುತ್ತೇನೆ. ಬದಲಾಯಿಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿಯಿಲ್ಲ. ಯಾವ ಚಕ್ರಕ್ಕೆ ಯಾವ ತಿಂಗಳು ವಾಲ್ವು ಹಾಕಿತು ಎಂಬುದನ್ನು ತೋಟದ ರೈಟರ್ ಡೀಸೆಲ್ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾರೆ. ಆ ಹಾಳೆಯಲ್ಲಿ ಮೊದಲ ವರ್ಷ ಸ್ಟೆಪ್ನಿಯ ಸಾಲೇ ಇರಲಿಲ್ಲ. ಕ್ಯಾಂಪರಿನ ಹೊಟ್ಟೆಯ ಕೆಳಗೆ ಕೆಸರು ತಿನ್ನುತ್ತಾ ನೇತಾಡುವ ಸ್ಟೆಪ್ನಿಯ ವಾಲ್ವು ಎಲ್ಲಕ್ಕಿಂತ ಮೊದಲು ಕೆಡುವುದರಿಂದ, ಈಗ ಆ ಸಾಲನ್ನು ಎಲ್ಲದರ ಮೇಲೆ ಬರೆಸಿದ್ದೇನೆ.